ಹ್ಯಾಲೋವೀನ್ ರಾತ್ರಿ ಮತ್ತು ಅಮ್ಮನ ಕೋಡುಬಳೆ

ಅಕ್ಟೋಬರ್ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. 31ರ ರಾತ್ರಿ, ಅಮೆರಿಕದವರ ದೆವ್ವದ ವೇಷದ ಹಬ್ಬ ಹ್ಯಾಲೋವೀನ್‌ಗೆ, ಯಾವ ದೆವ್ವದ ಸಿನಿಮಾ ಹಾಕೋದು? ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ಕನ್ನಡದವರದ್ದು ಎರಡು ಮನೆ. ಪಕ್ಕದಲ್ಲಿ ಅಮೆರಿಕನ್ ಗಂಡ ಹೆಂಡತಿ. ಎಲ್ಲ ಸೇರಿ ಐದು ಮಕ್ಕಳು, ಚಿಕ್ಕದಕ್ಕೆ ಆರು, ದೊಡ್ಡವನಿಗೆ ಹದಿನಾಲ್ಕು. ಈ ಸಲ ತಿಪಟೂರಿನಿಂದ ಅಮ್ಮ ಬೇರೆ ಬಂದಿದ್ದರು. ಇಷ್ಟು ಜನ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ಹೆದರಬೇಕು, ಆದರೆ ಯಾರೂ ಜಾಸ್ತಿ ಹೆದರಬಾರದು. ಹೇಳಿ, ಸುಲಭಾನಾ?

ಎರಡು ವರ್ಷದ ಹಿಂದೆ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಲ್ಲಿ ಸಿನಿಮಾಗಳಿಗೆ ಜಿ, ಪಿಜಿ, ಪಿಜಿ-13, ಆರ್ ಅಂತ ದರ್ಜೆ ಕೊಡುತ್ತಾರೆ. ಪಿಜಿ ಅಂದ್ರೆ ಅಪ್ಪ ಅಮ್ಮ ಸ್ವಲ್ಪ ಗಮನಿಸಿದರೆ ಸಾಕು, ಪಿಜಿ-13 ಅಂದ್ರೆ ಹದಿಮೂರರ ಕೆಳಗಿನವರಿಗೆ ಇನ್ನಷ್ಟು ಎಚ್ಚರ, ಆರ್ ಅಂದ್ರೆ ದೊಡ್ಡವರಿಗೆ. ನಾನು ಬುದ್ಧಿವಂತೆ ಅಂದುಕೊಂಡು ಪಿಜಿ ಇರುವ ‘ಪೋಲ್ಟರ್‌ಗೈಸ್ಟ್’ ಹಾಕಿಬಿಟ್ಟೆ. ಅದು 1982ರ ಸಿನಿಮಾ. ಪಿಜಿ-13 ಅನ್ನೋ ದರ್ಜೆ ಹುಟ್ಟಿದ್ದೇ 1984ರಲ್ಲಿ, ಮಕ್ಕಳ ಸಿನಿಮಾ ಅಂತ ಕರೆದುಕೊಂಡು ಹೋದ ಅಪ್ಪ ಅಮ್ಮಂದಿರು ಗಲಾಟೆ ಮಾಡಿದ ಮೇಲೆ. ಅದಕ್ಕೂ ಮುಂಚಿನ ಪಿಜಿಯನ್ನು ನಂಬಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ! ಅದರಲ್ಲಿ ಮಗುವಿನ ಕೋಣೆಯಲ್ಲಿ ಒಂದು ಜೋಕರ್ ಗೊಂಬೆ ಇದೆ, ಅಷ್ಟು ಮಾತ್ರ ಹೇಳುತ್ತೇನೆ. ನನ್ನ ಮಗಳು ಮೂರು ವಾರ ನಮ್ಮ ಮಧ್ಯೆ ಮಲಗಿದಳು. ಮನೆಯಲ್ಲಿದ್ದ ಗೊಂಬೆಗಳೆಲ್ಲ ಗ್ಯಾರೇಜ್ ಸೇರಿದವು.

ಅಂದಿನಿಂದ ಎರಡು ಆಟ. ಕತ್ತಲಾಗುತ್ತಿದ್ದಂತೆ ಮಕ್ಕಳು ವೇಷ ಹಾಕಿ ಮನೆ ಮನೆ ಸುತ್ತಿ ಬರುತ್ತಾರೆ, ನೆಲದ ಮೇಲೆ ಚಾಕೊಲೇಟ್ ಸುರಿದುಕೊಂಡು ವ್ಯಾಪಾರ ಶುರು ಮಾಡುತ್ತಾರೆ. ಆಗ ಅವರಿಗೆ ಚಾರ್ಲಿ ಬ್ರೌನ್‌ನ ಕುಂಬಳಕಾಯಿ ಕಾರ್ಟೂನ್. 1966ರದ್ದು, ಅರ್ಧ ಗಂಟೆಯೂ ಇಲ್ಲ, ಹೆದರಿಕೆಯಂತೂ ಇಲ್ಲವೇ ಇಲ್ಲ. ಚಿಕ್ಕವು ಮಲಗಿದ ಮೇಲೆ ನಮ್ಮದು.

ಅಮ್ಮನಿಗೆ ಈ ಬಾಗಿಲು ತಟ್ಟುವ ಪದ್ಧತಿಯೇ ವಿಚಿತ್ರ. ಬಾಗಿಲ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರುತ್ತಾರೆ, ಆರಿಸಿದ್ದರೆ ಬರೋದಿಲ್ಲ. ಬುಟ್ಟಿ ಹಿಡಿದು ನಿಂತು ಅಮ್ಮ ಅಂದರು, "ಬೆಂಗಳೂರಲ್ಲಿ ನಿಮ್ಮ ಚಿಕ್ಕಮ್ಮನ ವಠಾರದಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ‘ನಾಳೆ ಬಾ’ ಅಂತ ಬರೆದಿದ್ರು. ಇಲ್ಲಿ ದೀಪ ಹಚ್ಚಿ ಕರೀತೀರಲ್ಲೇ!"

ದೊಡ್ಡವರ ಆಟಕ್ಕೆ ನಮ್ಮನೆಯವರದ್ದು ಪ್ರತಿ ವರ್ಷ ಒಂದೇ ಅರ್ಜಿ, 1978ರ ‘ಹ್ಯಾಲೋವೀನ್’. ಕ್ಯಾಲಿಫೋರ್ನಿಯಾದಲ್ಲಿ ವಸಂತದಲ್ಲಿ ತೆಗೆದದ್ದಂತೆ, ಉದುರಿದ ಎಲೆ ಸಿಗದೆ ಬಣ್ಣ ಬಳಿದು ಹರಡಿ, ಶಾಟ್ ಮುಗಿದ ಮೇಲೆ ಗುಡಿಸಿ ಇಟ್ಟುಕೊಳ್ಳುತ್ತಿದ್ದರಂತೆ. ಕೊಲೆಗಾರನ ಮುಖವಾಡ ‘ಸ್ಟಾರ್ ಟ್ರೆಕ್’ ನಾಯಕನದ್ದು, ಬಿಳಿ ಬಣ್ಣ ಬಳಿದದ್ದು. ಇಷ್ಟೆಲ್ಲ ಗೊತ್ತಾದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಅಲ್ಲದೆ ಅದು ಆರ್, ಹದಿನಾಲ್ಕರವನು ನಮ್ಮ ಜೊತೆ ಕೂರುವ ಹಟದಲ್ಲಿದ್ದ. ಗೆಳತಿ ‘ಆಪ್ತಮಿತ್ರ’ ಅಂದಳು. 2004ರಿಂದ ನಾವು ಅದನ್ನು ಎಷ್ಟು ಸಲ ನೋಡಿದ್ದೀವೋ ಲೆಕ್ಕವಿಲ್ಲ, ಪಕ್ಕದ ಮನೆಯವರಿಗೆ ಮಾತ್ರ ಒಂದು ಅಕ್ಷರ ಅರ್ಥವಾಗಲ್ಲ. ಇಂಗ್ಲಿಷ್ ಹಾಕಿದರೆ ಅಮ್ಮನಿಗೆ ಅರ್ಥವಾಗಲ್ಲ.

ಕೊನೆಗೆ ದಾರಿ ತೋರಿಸಿದ್ದು ಆ ಹುಡುಗನೇ. "ಆಂಟಿ, ಯಾರೂ ಮಾತೇ ಆಡದ ಸಿನಿಮಾ ಹಾಕಿ." 2018ರ ‘ಎ ಕ್ವೈಟ್ ಪ್ಲೇಸ್’. ಸದ್ದು ಕೇಳಿದರೆ ಬಂದು ಕೊಲ್ಲುವ ಪ್ರಾಣಿಗಳಿಂದ ತಪ್ಪಿಸಿಕೊಂಡು ಬದುಕುವ ಒಂದು ಸಂಸಾರ. ಮಾತು ಬಹಳ ಕಡಿಮೆ, ಹೆಚ್ಚೆಲ್ಲ ಕೈಸನ್ನೆ. ಕಿವಿ ಕೇಳದ ಮಗಳ ಪಾತ್ರ ಮಾಡಿದ ಹುಡುಗಿಗೆ ನಿಜವಾಗಿಯೂ ಕಿವಿ ಕೇಳುವುದಿಲ್ಲ. ಪಿಜಿ-13, ಒಂದೂವರೆ ಗಂಟೆ. ನೀವು ಹಾಕುವುದಾದರೆ ಒಂದು ಮಾತು: ಶುರುವಿನಲ್ಲೇ ಒಂದು ಪುಟ್ಟ ಮಗುವಿನ ದೃಶ್ಯ ಇದೆ, ಮನೆಯಲ್ಲಿ ಅದೇ ವಯಸ್ಸಿನ ಮಗು ಇರುವವರಿಗೆ ಕಷ್ಟ. ನಾನು ಎದ್ದು ಹೋಗಿ ಮಲಗಿದ್ದವಳನ್ನು ನೋಡಿಕೊಂಡು ಬಂದೆ.

ಕನ್ನಡ, ಇಂಗ್ಲಿಷ್ ಎರಡೂ ಬೇಡವಾದ ಕೋಣೆಯಲ್ಲಿ ಮೊದಲ ಸಲ ಎಲ್ಲರೂ ಒಂದೇ ಹೊತ್ತಿಗೆ ಬೆಚ್ಚಿದೆವು. ಬಸುರಿ ತಾಯಿಗೆ ನೋವು ಶುರುವಾದಾಗ ಅಮ್ಮ ಪಕ್ಕದ ಮನೆಯಾಕೆಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಪಿಸುಗುಟ್ಟಿದರು, "ಅಯ್ಯೋ, ಬಾಯಿಬಿಡದೆ ಹೆರೋದು ಹೇಗಮ್ಮಾ?" ಆಕೆ ಜೋರಾಗಿ ತಲೆಯಾಡಿಸಿದಳು, ಎಲ್ಲ ಅರ್ಥವಾದವಳ ಹಾಗೆ.

ಅದೇ ಹೊತ್ತಿಗೆ ನಮ್ಮ ಕಾಲಿಂಗ್ ಬೆಲ್ ಹೊಡೆಯಿತು. ತಡವಾಗಿ ಹೊರಟ ಯಾರೋ ದೊಡ್ಡ ಹುಡುಗರು. ಮುಂದಿನ ದೀಪ ಆರಿಸುವುದನ್ನೇ ಮರೆತಿದ್ದೆವು. ಒಬ್ಬರೂ ಅಲುಗಲಿಲ್ಲ. ಎರಡನೇ ಸಲ ಹೊಡೆಯಿತು. ಅಮ್ಮ ಆಗಷ್ಟೇ ಕೋಡುಬಳೆ ಬಾಯಿಗೆ ಹಾಕಿಕೊಂಡಿದ್ದರು. ಕಡಿದರೆ ಸದ್ದಾಗುತ್ತೆ ಅಂತ, ಕೆನ್ನೆ ಉಬ್ಬಿಸಿಕೊಂಡು, ಹಾಗೇ ಕೂತಿದ್ದರು.