ತಲೆ, ಬಾಲ ಇಲ್ಲದ ಮೀನು

ಫ್ರೀಜರ್‌ನಿಂದ ಮೀನಿನ ಪ್ಯಾಕೆಟ್ ತೆಗೆದವಳು ಇವತ್ತು ಸುಮ್ನೆ ಅದನ್ನೇ ನೋಡುತ್ತಾ ನಿಂತೆ. ತಲೆ ಇಲ್ಲ, ಬಾಲ ಇಲ್ಲ, ಚರ್ಮವೂ ಇಲ್ಲ. ಬರೀ ಬಿಳಿ ತುಂಡು. ಮೇಲೆ ಬರೆದ ಹೆಸರನ್ನು ನಂಬುವುದು ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ, ಅಲ್ವಾ?

ಓಷಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದ ಅಂಗಡಿ, ಹೋಟೆಲುಗಳಿಂದ 1,215 ಮೀನಿನ ತುಂಡುಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿಸಿದಾಗ, ಮೂರರಲ್ಲಿ ಒಂದಕ್ಕೆ ತಪ್ಪು ಹೆಸರು ಇತ್ತಂತೆ. ಸ್ನ್ಯಾಪರ್ ಎಂದು ಮಾರಿದ್ದರಲ್ಲಿ ನೂರಕ್ಕೆ 87! ವೈಟ್ ಟ್ಯೂನ ಎಂದು ಕೊಟ್ಟಿದ್ದರಲ್ಲಿ ಬಹುಪಾಲು ಎಸ್ಕೋಲಾರ್ ಎಂಬ ಬೇರೆಯೇ ಮೀನು. ಅದರ ಕೊಬ್ಬು ಮೇಣದ ಥರ, ನಮಗೆ ಜೀರ್ಣವಾಗುವುದಿಲ್ಲ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಜಪಾನಿನಲ್ಲಿ ಅದರ ಮಾರಾಟಕ್ಕೇ ನಿಷೇಧ ಇದೆ.

ದುಡ್ಡು ಹೋದರೆ ಹೋಗಲಿ. ಒಂದು ಜಾತಿಯ ಮೀನು ತಿಂದರೆ ಅಲರ್ಜಿ ಆಗುವವರ ಕಥೆ ಏನು? ಅಳಿವಿನಂಚಿನ ಮೀನು ಬೇಡ ಎಂದು ಹುಡುಕಿ ಹುಡುಕಿ ಕೊಂಡವರ ತಟ್ಟೆಗೆ ಅದೇ ಮೀನು ಬೇರೆ ಹೆಸರಲ್ಲಿ ಬಂದು ಕೂತಿದ್ದರೆ? ನಿಜವಾದ ಹೆಸರು ಹೇಳಿ ಮಾರುವವರ ಬಗ್ಗೆ ಯೋಚಿಸಿದರಂತೂ ಇನ್ನೂ ಬೇಜಾರಾಗುತ್ತದೆ.

ಇನ್ನು ಮೇಲೆ ಆದಷ್ಟೂ ಇಡೀ ಮೀನನ್ನೇ ಆರಿಸಿ, ಕಣ್ಣೆದುರೇ ಕತ್ತರಿಸಿ ಕೊಡಿ ಎನ್ನುತ್ತೇನೆ.