ಅಹಮದಾಬಾದಿನ ಕಟ್ಟಡಗಳು, ಚಿತ್ರಗಳು, ಕೈಕೆಲಸ: ಹೊರಡುವವರಿಗೆ ಕೆಲವು ಸಲಹೆಗಳು

ಆಧುನಿಕ ವಾಸ್ತುಶಿಲ್ಪ ಮತ್ತು ವಿನ್ಯಾಸವನ್ನು ನೋಡಲೆಂದೇ ಅಹಮದಾಬಾದಿಗೆ ಹೊರಡುವವರು ರೈಲು ಅಥವಾ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಅನುಮತಿಗಳ ಕೆಲಸವನ್ನು ಮುಗಿಸಿಕೊಳ್ಳಬೇಕು. ಅಲ್ಲಿ ನೋಡಬೇಕಾದ ಕಟ್ಟಡಗಳಲ್ಲಿ ಹೆಚ್ಚಿನವು ಇಂದಿಗೂ ಪಾಠ ನಡೆಯುವ ವಿದ್ಯಾಸಂಸ್ಥೆಗಳು, ಕೆಲಸ ನಡೆಯುವ ಕಚೇರಿಗಳು. ಭಾರತೀಯ ನಿರ್ವಹಣಾ ಸಂಸ್ಥೆ (ಐಐಎಂ), ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ), ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕಚೇರಿಯಾಗಿದ್ದ ‘ಸಂಗತ್’, ಕ್ಯಾಲಿಕೋ ಜವಳಿ ಸಂಗ್ರಹಾಲಯ ಈ ನಾಲ್ಕಕ್ಕೂ ಮುಂಚಿತವಾಗಿ ಬರೆದು, ಒಪ್ಪಿಗೆ ಪಡೆದು, ಆ ದಿನಾಂಕಗಳ ಸುತ್ತ ಉಳಿದ ಸ್ಥಳಗಳನ್ನು ಹೊಂದಿಸಿಕೊಳ್ಳುವುದು ಉತ್ತಮ. ಕಚೇರಿಗಳು ತೆರೆದಿರುವ ವಾರದ ದಿನಗಳನ್ನೇ ಆರಿಸಿಕೊಳ್ಳಿ. ಕೇವಲ ಶನಿವಾರ, ಭಾನುವಾರಗಳನ್ನು ನಂಬಿ ಹೋದರೆ ಹೆಚ್ಚಿನ ಬಾಗಿಲುಗಳು ಮುಚ್ಚಿರುತ್ತವೆ.

ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ಸಾಬರಮತಿ ಆಶ್ರಮದ ಆವರಣದಲ್ಲಿರುವ ಗಾಂಧಿ ಸ್ಮಾರಕ ಸಂಗ್ರಹಾಲಯಕ್ಕೆ ಎಂದು ನಿಸ್ಸಂದೇಹವಾಗಿ ಹೇಳುತ್ತೇನೆ. ಚಾರ್ಲ್ಸ್ ಕೊರಿಯಾ ತಮ್ಮ ವೃತ್ತಿಜೀವನದ ಆರಂಭದಲ್ಲಿ ರೂಪಿಸಿದ ಈ ಕಟ್ಟಡವನ್ನು 1963ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಇದಕ್ಕೆ ಭವ್ಯವಾದ ಮುಂಬಾಗಿಲಿಲ್ಲ, ಎತ್ತರದ ಗೋಪುರವಿಲ್ಲ. ಆರು ಮೀಟರ್ ಉದ್ದಗಲದ ಚೌಕಗಳು ಒಂದರ ಪಕ್ಕ ಒಂದು ಸೇರುತ್ತಾ ಹೋಗಿವೆ. ಕೆಲವಕ್ಕೆ ಗೋಡೆಗಳಿವೆ, ಕೆಲವು ತೆರೆದ ಜಗಲಿಗಳಂತಿವೆ, ನಡುವಿನಲ್ಲಿ ಆಕಾಶಕ್ಕೆ ತೆರೆದುಕೊಂಡ ನೀರಿನ ಅಂಗಳವಿದೆ. ಇಟ್ಟಿಗೆಯ ಕಂಬಗಳ ಮೇಲೆ ಕುಳಿತಿರುವ ಕಾಂಕ್ರೀಟ್ ತೊಲೆಗಳನ್ನು ತಲೆಯೆತ್ತಿ ಗಮನಿಸಿ. ಅವುಗಳ ಮೇಲ್ಭಾಗ ದೋಣಿಯಂತೆ ಟೊಳ್ಳಾಗಿದ್ದು, ನಾಲ್ಕೂ ಕಡೆಗೆ ಇಳಿಜಾರಾದ ಹೆಂಚಿನ ಸೂರುಗಳಿಂದ ಇಳಿಯುವ ಮಳೆನೀರು ಅವುಗಳಲ್ಲೇ ಹರಿದು ಹೊರಗೆ ಹೋಗುತ್ತದೆ. ಚಾವಣಿಯ ಭಾರ ಹೊರುವ ಕೆಲಸ, ನೀರು ಸಾಗಿಸುವ ಕೆಲಸ ಎರಡನ್ನೂ ಒಂದೇ ಭಾಗ ಮಾಡುತ್ತದೆ, ಮತ್ತು ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಕಿಟಕಿಗಳಿಗೆ ಗಾಜಿನ ಬದಲು ಮರದ ಪಟ್ಟಿಗಳಿವೆ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇಲ್ಲಿನ ಗಾಳಿ, ನೆರಳುಗಳ ಲೆಕ್ಕಾಚಾರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಜನ ಸೇರುವ ಮೊದಲೇ ಹೋಗಿ, ಫೋಟೋ ತೆಗೆಯುವ ಮುಂಚೆ ನೀರಿನ ಅಂಗಳದ ಬಳಿ ಸ್ವಲ್ಪ ಹೊತ್ತು ಕುಳಿತಿರಿ.

ಅಲ್ಲಿಂದ ಆಶ್ರಮ ರಸ್ತೆಯಲ್ಲೇ ದಕ್ಷಿಣಕ್ಕೆ ಬಂದರೆ ಗಿರಣಿ ಮಾಲೀಕರ ಸಂಘದ ಕಟ್ಟಡ ಸಿಗುತ್ತದೆ. ಲೆ ಕಾರ್ಬ್ಯುಸಿಯೆ ವಿನ್ಯಾಸಗೊಳಿಸಿದ ಈ ಕಟ್ಟಡ 1954ರದ್ದು. ಇದನ್ನು ಮಧ್ಯಾಹ್ನದ ನಂತರ ನೋಡುವುದು ಸರಿ, ಏಕೆಂದರೆ ಪಶ್ಚಿಮಕ್ಕೆ ಮುಖಮಾಡಿರುವ ರಸ್ತೆಯ ಬದಿಯಲ್ಲಿ ಓರೆಯಾಗಿ ನಿಲ್ಲಿಸಿರುವ ಕಾಂಕ್ರೀಟ್ ಫಲಕಗಳು ಇಳಿಬಿಸಿಲನ್ನು ತಡೆಯುವುದನ್ನು ಆಗಲೇ ಕಣ್ಣಾರೆ ಕಾಣಬಹುದು. ಹಿಂಬದಿಗೆ ಹೋದರೆ ಅದೇ ಫಲಕಗಳು ನೇರವಾಗಿ ನಿಂತು ನದಿಯ ಗಾಳಿಗೂ ನೋಟಕ್ಕೂ ದಾರಿ ಬಿಡುತ್ತವೆ. ರಸ್ತೆಯಿಂದ ಮೊದಲ ಮಹಡಿಗೆ ಏರುವ ಉದ್ದನೆಯ ಇಳಿಜಾರು ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಹತ್ತುತ್ತಾ ಹೋದಂತೆ ಕಟ್ಟಡದ ಒಳಗು ಹಂತಹಂತವಾಗಿ ತೆರೆದುಕೊಳ್ಳುತ್ತದೆ.

ದೋಶಿಯವರ ಕೆಲಸಕ್ಕೆ ಒಂದು ಇಡೀ ದಿನವನ್ನು ಮೀಸಲಿಡಬೇಕು. ಕಾರ್ಬ್ಯುಸಿಯೆಯವರ ಬಳಿ ಪ್ಯಾರಿಸ್ಸಿನಲ್ಲಿ ದುಡಿದು, ಅವರ ಕಟ್ಟಡಗಳ ಉಸ್ತುವಾರಿಗೆಂದು ಈ ನಗರಕ್ಕೆ ಬಂದ ದೋಶಿ ಇಲ್ಲೇ ನೆಲೆಸಿದರು. 2018ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನ ಕಲ್ಲಿನ ಕಟ್ಟಡಗಳೂ ಅವರದೇ ಆದ್ದರಿಂದ, ಅದನ್ನು ನೋಡಿರುವವರಿಗೆ ಇಲ್ಲಿ ಅವರ ಬೇರೆ ಬೇರೆ ಮುಖಗಳು ಎದುರಾಗುತ್ತವೆ. 1962ರಲ್ಲಿ ವಾಸ್ತುಶಿಲ್ಪ ಶಾಲೆಯಾಗಿ ಆರಂಭವಾದ, ಈಗ ವಿಶ್ವವಿದ್ಯಾಲಯವಾಗಿರುವ ಸೆಪ್ಟ್‌ನ ಇಟ್ಟಿಗೆ ಕಟ್ಟಡಗಳನ್ನು ಹೊರಗಿನಿಂದಲಾದರೂ ನೋಡಿ, ಪಕ್ಕದಲ್ಲೇ ಇರುವ ‘ಅಮ್ದಾವಾದ್ ನಿ ಗುಫಾ’ಗೆ ಬನ್ನಿ. ಎಂ. ಎಫ್. ಹುಸೇನ್ ಅವರ ಚಿತ್ರಗಳಿಗಾಗಿ ದೋಶಿ ರೂಪಿಸಿದ, ನೆಲದೊಳಗೆ ಇಳಿಯುವ ಗ್ಯಾಲರಿ ಇದು. ಮೇಲೆ ಕಾಣುವುದು ಬಿಳಿ ಪಿಂಗಾಣಿ ಚೂರುಗಳನ್ನು ಅಂಟಿಸಿದ ಗುಮ್ಮಟಗಳು ಮತ್ತು ಅವುಗಳ ಮೇಲೆ ಹರಿದಾಡುವ ಕಪ್ಪು ಹಾವಿನ ಚಿತ್ರ ಮಾತ್ರ. ಒಳಗೆ ಓರೆಕೋರೆಯಾದ ಕಂಬಗಳ ನಡುವೆ, ಸಮತಟ್ಟಾದ ಗೋಡೆಯೇ ಇಲ್ಲದ ಕಡೆ, ಹುಸೇನ್ ತಮ್ಮ ಕುಂಚವನ್ನು ಆ ತಿರುವುಗಳಿಗೇ ಒಗ್ಗಿಸಿಕೊಂಡಿದ್ದಾರೆ. ಚಿತ್ರಕಾರರಾದವರು ಇದನ್ನು ಖಂಡಿತ ತಪ್ಪಿಸಬಾರದು. ಗುಫಾ ಸಾಮಾನ್ಯವಾಗಿ ಸಂಜೆಯ ಹೊತ್ತಿನಲ್ಲಿ ತೆರೆದಿರುತ್ತದೆ, ಸೋಮವಾರ ರಜೆ. ಹೋಗುವ ಮೊದಲು ವೇಳೆಯನ್ನು ವಿಚಾರಿಸಿಕೊಳ್ಳಿ.

ವಾಸ್ತುಶಿಲ್ಪಿ ಲೂಯಿ ಕಾನ್ ರೂಪಿಸಿದ ಐಐಎಂ ಆವರಣಕ್ಕೆ ಅನುಮತಿ ದೊರೆತರೆ, ಅಲ್ಲಿ ಕಮಾನುಗಳನ್ನು ಹತ್ತಿರದಿಂದ ಪರೀಕ್ಷಿಸಿ. ಇಟ್ಟಿಗೆಯ ಕಮಾನು ತನ್ನ ಎರಡೂ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹಿಡಿದಿಡಲು ಕಾನ್ ಅಡ್ಡಲಾಗಿ ಕಾಂಕ್ರೀಟಿನ ತೊಲೆಯನ್ನು ಕೂರಿಸಿದ್ದಾರೆ. ಈ ಸಂಸ್ಥೆಯ ಲಾಂಛನಕ್ಕೆ ಪ್ರೇರಣೆಯಾದ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರ ಹಳೆಯ ನಗರದ ಲಾಲ್ ದರ್ವಾಜಾದಲ್ಲಿದೆ. ಹದಿನಾರನೆಯ ಶತಮಾನದ ಆ ಮರದ ಕೊಂಬೆಗಳ ಕೆತ್ತನೆಯನ್ನೂ ಅದೇ ದಿನ ನೋಡಿದರೆ ಲಾಂಛನ ರೂಪಿಸಿದವರ ಕೆಲಸ ಚೆನ್ನಾಗಿ ಅರ್ಥವಾಗುತ್ತದೆ.

ಕ್ಯಾಲಿಕೋ ಸಂಗ್ರಹಾಲಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1949ರಲ್ಲಿ ಸ್ಥಾಪನೆಯಾದ ಇದು ಭಾರತೀಯ ಬಟ್ಟೆಗಳ ಅತ್ಯುತ್ತಮ ಸಂಗ್ರಹಗಳಲ್ಲಿ ಒಂದು. ಒಳಗೆ ಫೋಟೋ ತೆಗೆಯುವಂತಿಲ್ಲ, ಒಮ್ಮೆಗೆ ಕೆಲವೇ ಜನರಿಗೆ ಪ್ರವೇಶ, ಮಾರ್ಗದರ್ಶಕರ ಜೊತೆಯಲ್ಲೇ ಸಾಗಬೇಕು. ಚಿತ್ರಕಲೆಯ ವಿದ್ಯಾರ್ಥಿಗಳಿಗೆ ನವರಂಗಪುರದ ಲಾಲ್‌ಭಾಯ್ ದಲಪತ್‌ಭಾಯ್ ಸಂಗ್ರಹಾಲಯದ ಜೈನ ಹಸ್ತಪ್ರತಿಗಳ ಚಿತ್ರಗಳೂ ಅಷ್ಟೇ ಮುಖ್ಯ.

ಆದರೆ ಕರಕುಶಲವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ನೋಡಿ ಹಿಂತಿರುಗಬೇಡಿ. ‘ಮಾತಾ ನಿ ಪಚೇಡಿ’ ಬರೆಯುವ ಚಿತಾರಾ ಕುಟುಂಬಗಳು ಇದೇ ನಗರದಲ್ಲಿವೆ. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಸಮುದಾಯದವರು ಬಟ್ಟೆಯ ಮೇಲೆ ದೇವಿಯನ್ನು ಚಿತ್ರಿಸಿ, ಆ ಬಟ್ಟೆಯನ್ನೇ ಗುಡಿಯನ್ನಾಗಿ ಕಟ್ಟಿಕೊಂಡ ಕಲೆ ಇದು. ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ, ತುಕ್ಕು ಹಿಡಿದ ಕಬ್ಬಿಣ ಮತ್ತು ಬೆಲ್ಲವನ್ನು ಕೊಳೆಸಿ ತೆಗೆದ ದ್ರವದಿಂದ ಬಿದಿರಿನ ಕಡ್ಡಿಯಲ್ಲಿ ಕಪ್ಪು ರೇಖೆಗಳನ್ನು ಎಳೆಯುತ್ತಾರೆ. ಕೆಂಪು ಬರಬೇಕಾದ ಕಡೆ ಪಟಿಕದ ಲೇಪವನ್ನು ಹಚ್ಚುತ್ತಾರೆ. ಹಚ್ಚುವಾಗ ಅಲ್ಲಿ ಕೆಂಪು ಕಾಣುವುದಿಲ್ಲ. ಹರಿಯುವ ನೀರಿನಲ್ಲಿ ತೊಳೆದು, ಬಣ್ಣದ ಹಂಡೆಯಲ್ಲಿ ಕುದಿಸಿದಾಗ ಮಾತ್ರ ಪಟಿಕ ತಾಗಿದ ಭಾಗಗಳು ಕೆಂಪೇರುತ್ತವೆ. ಮುಂದೆ ಏನು ಮೂಡುತ್ತದೆ ಎಂಬುದನ್ನು ಮನಸ್ಸಿನಲ್ಲೇ ಕಂಡುಕೊಂಡು ಕೈ ಆಡಿಸುವ ಈ ಪರಿಣತಿಯನ್ನು ನಮ್ಮ ವಿನ್ಯಾಸ ವಿದ್ಯಾರ್ಥಿಗಳು ಅವಶ್ಯವಾಗಿ ಅರಿಯಬೇಕೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ. ಈ ಪರಂಪರೆಯ ಭಾನುಭಾಯ್ ಚಿತಾರಾ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಕಲಾವಿದರ ಮನೆಗೆ ಹೋಗುವ ಮುನ್ನ ಫೋನ್ ಮಾಡಿ ತಿಳಿಸಿ, ಫೋಟೋಗೆ ಒಪ್ಪಿಗೆ ಕೇಳಿ. ಕೊಳ್ಳುವಾಗ ಕೈಯಲ್ಲಿ ಬರೆದದ್ದೋ, ಅಚ್ಚು ಒತ್ತಿದ್ದೋ, ಸ್ಕ್ರೀನ್ ಪ್ರಿಂಟೋ ಎಂದು ನೇರವಾಗಿ ವಿಚಾರಿಸಿ. ತಿಂಗಳುಗಟ್ಟಲೆ ಬರೆದ ದೊಡ್ಡ ಬಟ್ಟೆಗೆ ಚೌಕಾಸಿ ಮಾಡುವುದು ಸಲ್ಲದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಸಣ್ಣ ತುಂಡನ್ನೇ ಕೊಳ್ಳಬಹುದು.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಓಡಾಟಕ್ಕೆ ಹಿತವಾಗಿರುತ್ತದೆ, ಆದರೆ ಜನವರಿ ಮಧ್ಯದ ಉತ್ತರಾಯಣದ ಗಾಳಿಪಟ ಹಬ್ಬದಲ್ಲಿ ಕಚೇರಿಗಳು ಮುಚ್ಚಿರುತ್ತವೆ ಮತ್ತು ವಸತಿ ದುಬಾರಿಯಾಗುತ್ತದೆ. ನದಿಯ ಪಶ್ಚಿಮಕ್ಕೆ, ನವರಂಗಪುರ ಅಥವಾ ಆಶ್ರಮ ರಸ್ತೆಯ ಸುತ್ತ ಉಳಿದುಕೊಂಡರೆ ಮೇಲೆ ಹೇಳಿದ ಸ್ಥಳಗಳಲ್ಲಿ ಹೆಚ್ಚಿನವು ಆಟೋ ಅಥವಾ ಮೆಟ್ರೋಗೆ ಸಮೀಪವಾಗುತ್ತವೆ. ಹಳೆಯ ನಗರದ ಪೋಳ್‌ಗಳನ್ನು, ಅಂದರೆ ಒಂದೇ ಬಾಗಿಲಿನ ಹಿಂದೆ ಒತ್ತೊತ್ತಾಗಿ ಸೇರಿರುವ ಮನೆಗಳ ಕೇರಿಗಳನ್ನು, ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಬೆಳಗ್ಗೆ ಹೊರಡುವ ಪಾರಂಪರಿಕ ನಡಿಗೆಯಲ್ಲಿ ನೋಡುವುದು ಸುಲಭ. ಎರಡೇ ದಿನಗಳ ಬಿಡುವಿದ್ದವರು ಗಾಂಧಿ ಸ್ಮಾರಕ ಸಂಗ್ರಹಾಲಯ, ಗಿರಣಿ ಮಾಲೀಕರ ಕಟ್ಟಡ, ಗುಫಾ ಮತ್ತು ಪಚೇಡಿ ಬರೆಯುವವರ ಮನೆ ಈ ನಾಲ್ಕನ್ನು ಇಟ್ಟುಕೊಂಡು, ಉಳಿದುದನ್ನು ಮುಂದಿನ ಪ್ರವಾಸಕ್ಕೆ ಬಿಡಬಹುದು.