ಆಯಾಮ ವಿಶ್ಲೇಷಣೆ: ಪಟ್ಟಿ ಮಾಡುವುದೇ ಕಷ್ಟ

ದ್ರವದಲ್ಲಿ ಸಾಗುವ ಗೋಳದ ಮೇಲೆ ಎಷ್ಟು ಡ್ರ್ಯಾಗ್ (ಚಲನೆಯನ್ನು ತಡೆಯುವ ಬಲ) ಬೀಳುತ್ತದೆ? ಅದನ್ನು ನಿರ್ಧರಿಸುವುದು ನಾಲ್ಕು: ದ್ರವದ ಸಾಂದ್ರತೆ, ಅದರ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ), ಗೋಳದ ವೇಗ, ವ್ಯಾಸ. ಒಂದೊಂದಕ್ಕೂ ಹತ್ತು ಬೆಲೆ ಕೊಟ್ಟು ಅಳೆಯಲು ಕೂತರೆ 10,000 ಪ್ರಯೋಗ ಬೇಕು. ಆಯಾಮ, ಅಂದರೆ ಪ್ರತಿ ಪರಿಮಾಣ ದ್ರವ್ಯರಾಶಿ, ಉದ್ದ, ಕಾಲಗಳಿಂದ ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ನೋಡಿಕೊಂಡು ಹೊರಟರೆ ಹತ್ತರಲ್ಲಿ ಮುಗಿಯುತ್ತದೆ.

ಭೌತವಿಜ್ಞಾನಿ ಬಕಿಂಗ್‌ಹ್ಯಾಮ್ 1914ರಲ್ಲಿ ಪ್ರಕಟಿಸಿದ ಪೈ ಪ್ರಮೇಯದ ಲೆಕ್ಕ ಸರಳ. ಬಲವೂ ಸೇರಿ ಪರಿಮಾಣಗಳು ಐದು. ಮೂಲ ಆಯಾಮಗಳು ಮೂರು (ದ್ರವ್ಯರಾಶಿ, ಉದ್ದ, ಕಾಲ). ಕಳೆದರೆ ಎರಡು ಆಯಾಮರಹಿತ ಗುಂಪು, ಅಂದರೆ ಮಾನವೇ ಇಲ್ಲದ ಬರಿಯ ಸಂಖ್ಯೆಗಳು. ಸಾಂದ್ರತೆ, ವೇಗ, ವ್ಯಾಸ ಇವನ್ನು ಬುನಾದಿಯಾಗಿ ಇಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ ಬರುವ ಮಾನ, ಮೀಟರ್-ಸೆಕೆಂಡಿಗೆ ಇಷ್ಟು ಕಿಲೋಗ್ರಾಂ. ಸ್ನಿಗ್ಧತೆಯ ಮಾನವೂ ಅದೇ. ಅದರಿಂದ ಭಾಗಿಸಿದರೆ ರೆನಾಲ್ಡ್ಸ್ ಸಂಖ್ಯೆ ಸಿಕ್ಕಿತು. ಇನ್ನು ಬಲ: ಸಾಂದ್ರತೆ × ವೇಗದ ವರ್ಗ × ವ್ಯಾಸದ ವರ್ಗ ನ್ಯೂಟನ್‌ಗೇ ಬಂದು ನಿಲ್ಲುತ್ತದೆ. ಬಲವನ್ನು ಅದರಿಂದ ಭಾಗಿಸಿದ್ದು ಎರಡನೆಯ ಗುಂಪು, ಅದು ರೆನಾಲ್ಡ್ಸ್ ಸಂಖ್ಯೆಯೊಂದನ್ನೇ ಅವಲಂಬಿಸಿದೆ. ಇಡೀ ಸಮಸ್ಯೆ ಒಂದೇ ಗೆರೆಯ ಗ್ರಾಫ್ ಆಯಿತು.

ಬುನಾದಿ ಆರಿಸುವಾಗ ಒಂದು ಎಚ್ಚರ. ಸಾಂದ್ರತೆಯ ಜಾಗದಲ್ಲಿ ‘ಸ್ನಿಗ್ಧತೆ ಭಾಗಿಸು ಸಾಂದ್ರತೆ’ ಎಂಬ ಪರಿಮಾಣವನ್ನು ಇಟ್ಟರೆ ಕೆಲಸ ಕೆಡುತ್ತದೆ. ಆ ಮೂರರಲ್ಲಿ ಎಲ್ಲೂ ದ್ರವ್ಯರಾಶಿ ಇಲ್ಲ, ಬಲವನ್ನು ಅವುಗಳಿಂದ ಕಟ್ಟಲು ಬರುವುದೇ ಇಲ್ಲ.

ಬೀಜಗಣಿತ ಇಷ್ಟೇ. ತಲೆ ಕೆಡಿಸಿಕೊಳ್ಳಬೇಕಾದ್ದು ಯಾವ ಪರಿಮಾಣಗಳನ್ನು ಸೇರಿಸಬೇಕೆಂಬ ಪಟ್ಟಿಯ ಬಗ್ಗೆ, ಅದನ್ನು ಯಾವ ಪ್ರಮೇಯವೂ ಮಾಡಿಕೊಡುವುದಿಲ್ಲ. ದಪ್ಪ ಎಣ್ಣೆಯಲ್ಲಿ ನಿಧಾನಕ್ಕೆ ಇಳಿಯುವ ಪುಟ್ಟ ಗುಂಡಿಗೆ ಸಾಂದ್ರತೆಯನ್ನು ಕೈಬಿಡಬಹುದು. ಆಗ ಉಳಿಯುವುದು ಒಂದೇ ಗುಂಪು: ಬಲ = ಸ್ಥಿರಾಂಕ × ಸ್ನಿಗ್ಧತೆ × ವೇಗ × ವ್ಯಾಸ. ಆ ಸ್ಥಿರಾಂಕ 3π ಎಂದು ಹೇಳಲು ಸ್ಟೋಕ್ಸ್‌ನ ಗಣಿತ ಬೇಕು. ಆಯಾಮಗಳಿಗೆ ಅದು ಕಾಣದು. ರೆನಾಲ್ಡ್ಸ್ ಸಂಖ್ಯೆ 1 ದಾಟಿದರೆ ಈ ಸೂತ್ರ ಕೈಕೊಡತೊಡಗುತ್ತದೆ.

ಅದೇ ವಸ್ತು ನೀರಿನ ಮೇಲ್ಮೈಯಲ್ಲಿ ಸಾಗಿದರೆ ಅಲೆ ಏಳುತ್ತದೆ, ಹಾಗಾಗಿ ಗುರುತ್ವ ಪಟ್ಟಿಗೆ ಸೇರಬೇಕು. ಜೊತೆಗೆ ಫ್ರೂಡ್ ಸಂಖ್ಯೆ (ವೇಗವನ್ನು ‘ಗುರುತ್ವ × ಉದ್ದ’ದ ವರ್ಗಮೂಲದಿಂದ ಭಾಗಿಸಿದ್ದು) ಬರುತ್ತದೆ, ತೊಡಕೂ ಬರುತ್ತದೆ. ಹಡಗಿನ 1:25 ಮಾದರಿಯನ್ನು ನೀರಿನಲ್ಲೇ ಎಳೆಯುವಾಗ ಫ್ರೂಡ್ ಸಂಖ್ಯೆ ಹೊಂದಬೇಕೆಂದರೆ ವೇಗ ಐದನೇ ಒಂದು ಪಾಲು. ರೆನಾಲ್ಡ್ಸ್ ಹೊಂದಬೇಕೆಂದರೆ 25 ಪಟ್ಟು. ಎರಡೂ ಒಟ್ಟಿಗೆ ಆಗದು. ಅದಕ್ಕೇ ಫ್ರೂಡ್ ಸಂಖ್ಯೆಯನ್ನು ಹೊಂದಿಸಿ, ಚರ್ಮಘರ್ಷಣೆಯನ್ನು (ನೀರು ಹಡಗಿನ ಮೈಗೆ ಉಜ್ಜುವ ಘರ್ಷಣೆ) ಬೇರೆಯಾಗಿ ಲೆಕ್ಕ ಹಾಕಿ ಸೇರಿಸುತ್ತಾರೆ.

ಕಾಲುವೆಯಲ್ಲಿ ನೀರು ಹರಿಯುವ ವೇಗದ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರ ಇನ್ನೊಂದು ಬಲೆ. ಕೋಷ್ಟಕದಲ್ಲಿ ಬರಿಯ ಸಂಖ್ಯೆಯಂತೆ ಕೂತಿರುವ ಒರಟುತನದ ಗುಣಾಂಕದ ಹೊಟ್ಟೆಯೊಳಗೆ ಆಯಾಮ ಅಡಗಿದೆ. ಮೀಟರ್ ಬಿಟ್ಟು ಅಡಿಗೆ ಹೋದರೆ 1.49ರಿಂದ ಗುಣಿಸಬೇಕಾದ್ದು ಅದಕ್ಕೇ: ಅದು 3.28ರ ಘನಮೂಲ.

ಆಯಾಮ ಸರಿಯಿದ್ದೂ ಉತ್ತರ ತಪ್ಪಾಗುವುದು ಹೆಚ್ಚಾಗಿ ಕೋನದಲ್ಲಿ. 40 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ), 1500 ಆರ್‌ಪಿಎಂ, ಅಂದರೆ ಸೆಕೆಂಡಿಗೆ 25 ಸುತ್ತು. ಸಾಮರ್ಥ್ಯ ತಿಳಿಯಲು ಎರಡನ್ನೂ ನೇರ ಗುಣಿಸಿದರೆ 1000 ವ್ಯಾಟ್. ನಿಜವಾದ ಉತ್ತರ 6283. ನಡುವೆ ಬಿಟ್ಟುಹೋದ 2πಗೆ (ರೇಡಿಯನ್‌ನಲ್ಲಿ ಒಂದು ಸುತ್ತಿನ ಕೋನ) ಆಯಾಮವೇ ಇಲ್ಲ, ತಪಾಸಣೆಯಲ್ಲಿ ಎರಡೂ ಪಾಸು.